ಕಿಟಕಿ ಸೀಟಿನ ಟಿಕೆಟ್

ನನಗೆ ಕತೆ ಕಟ್ಟಲು ಬರುವುದಿಲ್ಲ. ಡೈರಿ ಬರೆಯಲು ಬರುತ್ತದೆ, ಅಷ್ಟೇ. ಯಾವ ಬಸ್ಸು, ಎಷ್ಟು ಗಂಟೆಗೆ ಹತ್ತಿದೆ, ಯಾವ ಸೀಟು... ಎಲ್ಲವನ್ನೂ ಅವತ್ತವತ್ತೇ ಬರೆದಿಡುತ್ತೇನೆ. ಇದೂ ಅದರಲ್ಲೇ ಇದೆ. ನವೆಂಬರ್ ತಿಂಗಳ ಎರಡನೇ ಮಂಗಳವಾರ, ರಾತ್ರಿ ಎಂಟು ಹತ್ತು. ನಂಬಿ ಎಂದು ಬಲವಂತ ಮಾಡುವುದಿಲ್ಲ. ಆ ಎರಡು ಟಿಕೆಟ್ ಮಾತ್ರ ಇನ್ನೂ ನನ್ನ ಹತ್ತಿರ ಇವೆ.

ಮೊದಲು ನೀಮಾ ಯಾರೆಂದು ಹೇಳಬೇಕು.

ಅವಳು ಜಾಂಜಿಬಾರ್ ಎಂಬ ದ್ವೀಪದಿಂದ ಇಲ್ಲಿಗೆ ಓದಲು ಬಂದವಳು. ಜಯನಗರದಲ್ಲಿ ನಾನು ಕೆಲಸ ಮಾಡುವ ಕಾಲೇಜಿನ ಲೈಬ್ರರಿಯಲ್ಲಿ ಪರಿಚಯವಾಯಿತು. ಆಮೇಲೆ ಚಿಕ್ಕಲಸಂದ್ರದ ನಮ್ಮ ಮನೆಯ ಮಹಡಿ ರೂಮಿಗೇ ಬಾಡಿಗೆಗೆ ಬಂದಳು. ಬಂದ ವಾರವೇ ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ದಾರಿ ತಪ್ಪಿ ಅಳುತ್ತಾ ನಿಂತಿದ್ದಳು. ಅವತ್ತಿನಿಂದ ಅವಳಿಗೆ ಬಸ್ಸಿನ ಪಾಠ ಹೇಳುವವಳು ನಾನೇ. ಯಾವ ನಂಬರು ಎಲ್ಲಿಗೆ ಹೋಗುತ್ತದೆ, ರಶ್ಶಿನಲ್ಲಿ ಹೇಗೆ ನುಗ್ಗಬೇಕು, ಎರಡು ಸ್ಟಾಪ್ ಮೊದಲೇ ಏಕೆ ಎದ್ದು ನಿಲ್ಲಬೇಕು... ಎಲ್ಲ ಕಲಿಸಿದೆ.

ಕಿಟಕಿ ಸೀಟು ಯಾವಾಗಲೂ ಅವಳದ್ದು. ಅಂಗಡಿಗಳ ಬೋರ್ಡು ನೋಡಿಯೇ ಅವಳು ಕನ್ನಡ ಅಕ್ಷರ ಕಲಿತದ್ದು. ಬಾಯಲ್ಲಿ ಒಂದು ಲವಂಗ ಇಟ್ಟುಕೊಂಡು, "ಬೇ... ಕ... ರಿ" ಎಂದು ಜೋರಾಗಿ ಓದುತ್ತಿದ್ದಳು. ಹುಡುಗರಿಂದ ‘ಗುರು’ ಎನ್ನುವುದನ್ನು ಕಲಿತು ಸಿಕ್ಕವರಿಗೆಲ್ಲ ಹಾಗೇ ಅನ್ನುತ್ತಿದ್ದಳು.

"ಏನ್ ಗುರು, ಊಟ ಆಯ್ತಾ?" ಎಂದು ಅಮ್ಮನನ್ನೇ ಕೇಳಿದ್ದಳು ಒಮ್ಮೆ.

"ಅಯ್ಯೋ ಹುಡುಗಿ, ನಾನ್ಯಾವ ಮಠದ ಗುರುನೇ!" ಎಂದು ಅಮ್ಮ ಬಿದ್ದು ಬಿದ್ದು ನಕ್ಕಿದ್ದಳು.

ಒಂದೇ ಒಂದು ವಿಷಯಕ್ಕೆ ನೀಮಾಗೆ ಬೇಸರ. ಕರ್ನಾಟಕದ ಹೆಂಗಸರಿಗೆ ಬಸ್ಸಿನಲ್ಲಿ ಫ್ರೀ ಅಲ್ಲವೇ? ಆಧಾರ್ ತೋರಿಸಿದರೆ ನನಗೆ ಸೊನ್ನೆ ಟಿಕೆಟ್. ಅವಳ ಹತ್ತಿರ ಇದ್ದದ್ದು ಪಾಸ್‌ಪೋರ್ಟ್. ಆದರೂ ಪ್ರತಿ ಸಲ ಕೇಳುತ್ತಿದ್ದಳು: "ನಂಗೂ ಸೊನ್ನೆ ಕೊಡಿ ಗುರು."

"ನಿಮ್ದು ಈ ಊರಲ್ವಲ್ಲಮ್ಮ" ಎಂದು ಕಂಡಕ್ಟರುಗಳು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಒಮ್ಮೆ ಮಾತ್ರ, ಇಳಿದ ಮೇಲೆ, ಮೆಲ್ಲಗೆ ಕೇಳಿದಳು.

"ಇನ್ನೂ ಎಷ್ಟು ದಿನ ಇದ್ರೆ ಈ ಊರು ನಂದಾಗುತ್ತೆ, ಚೈತ್ರಾ?"

ಅವಳ ಕೈಯಿಂದ ಟಿಕೆಟ್ ಇಸಿದುಕೊಂಡು, ನನ್ನದರ ಜೊತೆ ಬ್ಯಾಗಿಗೆ ಹಾಕಿಕೊಂಡೆ.

ಜೊತೆಯಾಗಿ ಹೋದಾಗಲೆಲ್ಲ ಇಬ್ಬರ ಟಿಕೆಟ್ಟನ್ನೂ ಪಕ್ಕಪಕ್ಕ ಡೈರಿಗೆ ಅಂಟಿಸುತ್ತಿದ್ದೆ. ಒಟ್ಟು ಅರವತ್ತಮೂರು ಸಲ.

ಅರವತ್ತನಾಲ್ಕನೆಯದು ಆಗಬೇಕಿತ್ತು. ಸೆಪ್ಟೆಂಬರಿನಲ್ಲಿ ಅವಳಿಗೆ ಜ್ವರ ಬಂತು. ಬೆಳಿಗ್ಗೆ ಕೆಳಗೆ ಬಂದು, "ಆಸ್ಪತ್ರೆಗೆ ಜೊತೆಗೆ ಬರ್ತೀಯಾ?" ಎಂದಳು. ನಾನು ರಜೆಯ ದಿನ ಹಾಯಾಗಿ ಬಟ್ಟೆ ಮಡಚುತ್ತಾ ಕುಳಿತಿದ್ದೆ. "ಬಸ್ ನಂಬರ್ ಗೊತ್ತಲ್ಲ ನಿಂಗೆ? ಇಷ್ಟು ದಿನ ಕಲ್ಸಿದ್ದು ಯಾಕೆ? ಒಬ್ಳೇ ಹೋಗು" ಎಂದೆ. ತಮಾಷೆಗೇ ಅಂದದ್ದು. "ಸರಿ ಗುರು" ಎಂದು ನಕ್ಕು ಹೋದಳು.

ಸಂಜೆ ನಾನು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಅವಳ ಮಾತು ನಿಂತಿತ್ತು. ನಾಲ್ಕನೇ ದಿನ ಹೋಗಿಬಿಟ್ಟಳು. ಪೆಟ್ಟಿಗೆಯಲ್ಲಿ ಅವಳನ್ನು ಅವಳ ದೇಶಕ್ಕೆ ಕಳಿಸಿದರು.

ಇನ್ನು ಆ ಮಂಗಳವಾರ...

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಬಸ್ಸು ಹತ್ತಿದೆ. ಎಡಗಡೆ ಮೂರನೇ ಸೀಟು. ಅಭ್ಯಾಸಬಲದಿಂದ ಕಿಟಕಿ ಪಕ್ಕ ಬಿಟ್ಟು ಈಚೆಗೆ ಕುಳಿತೆ. ನನ್ನ ತಲೆಯ ಮೇಲಿನ ಲೈಟು ಕೆಟ್ಟಿತ್ತು. ಬನಶಂಕರಿ ಬರುವಷ್ಟರಲ್ಲಿ ಬಸ್ಸು ಕಿಕ್ಕಿರಿದಿತ್ತು.

ಆಗ ಲವಂಗದ ವಾಸನೆ ಬಂತು.

ಯಾರದೋ ಚೀಲದಲ್ಲಿ ಮಸಾಲೆ ಇರಬೇಕು ಎಂದುಕೊಂಡೆ. ಕಾಲ ಬಳಿ ಇಟ್ಟಿದ್ದ ಬ್ಯಾಗಿಗೆ ಬಗ್ಗಿ ಆಧಾರ್ ಕಾರ್ಡು ಹುಡುಕತೊಡಗಿದೆ. ಇಂಜಿನ್ ಸದ್ದಿನ ನಡುವೆ, ಕಿವಿಯ ಪಕ್ಕದಲ್ಲೇ, ಯಾರೋ ಒಂದೊಂದೇ ಅಕ್ಷರ ಕೂಡಿಸಿ ಓದಿದಂತೆ... "ಔ... ಷ... ಧಿ..."

ತಲೆ ಎತ್ತಿದೆ. ಕಿಟಕಿಯ ಹೊರಗೆ ಔಷಧಿ ಅಂಗಡಿಯ ಬೋರ್ಡು ಹಿಂದೆ ಸರಿಯುತ್ತಿತ್ತು. ಪಕ್ಕದ ಸೀಟು ಖಾಲಿ.

"ಚಿಕ್ಕಲಸಂದ್ರ" ಎಂದು ಕಾರ್ಡು ಚಾಚಿದೆ. ಕಂಡಕ್ಟರ್ ನನ್ನ ಕೈಗೆ ಎರಡು ಟಿಕೆಟ್ ಇಟ್ಟ. ಎರಡೂ ಸೊನ್ನೆ.

"ಅಣ್ಣ, ನಾನೊಬ್ಳೇ ಇರೋದು."

"ಕಿಟಕಿ ಹತ್ರ ಇದ್ರಲ್ಲ ಮೇಡಂ, ಅವ್ರದ್ದು. ನೀವು ಬ್ಯಾಗಲ್ಲಿ ಹುಡುಕ್ತಿದ್ದಾಗ್ಲೇ ಕಾರ್ಡ್ ತೋರ್ಸಿದ್ರು. ಎಲ್ಲಿಗಮ್ಮ ಅಂದ್ರೆ ‘ಮನೆಗೆ ಗುರು’ ಅಂದ್ರು. ನಂಗೆ ನಗುನೇ ಬಂತು. ನಿಮ್ ಜೊತೆ ಅಂದ್ಕೊಂಡು ಅಲ್ಲಿಗೇ ಕೊಟ್ಟೆ."

"ಯಾವ... ಯಾವ ಕಾರ್ಡು?"

"ಆಧಾರ್ ಮೇಡಂ, ಇನ್ನೇನು?" ಎಂದವನು ಕಿಟಕಿಯ ಕಡೆ ನೋಡಿದ. ನಗು ನಿಂತಿತು. "ಇಳಿದ್ರಾ?"

ನನ್ನ ಭುಜಕ್ಕೆ ತಾಗಿಕೊಂಡೇ ನಿಂತಿದ್ದ ಆಂಟಿಯೊಬ್ಬರು ತಗ್ಗಿದ ದನಿಯಲ್ಲಿ ಹೇಳಿದರು: "ನಿನ್ನ ದಾಟದೆ ಹೆಂಗಮ್ಮ ಇಳೀತಾಳೆ? ನೀನು ಎದ್ದೇ ಇಲ್ಲ."

"ಆಂಟಿ, ಇಲ್ಲಿ ಯಾರೂ ಇರ್ಲಿಲ್ಲ..."

"ಖಾಲಿ ಇದ್ದಿದ್ರೆ ಈ ಮಂಡಿನೋವಲ್ಲಿ ನಾನ್ಯಾಕೆ ನಿಂತಿರ್ತಿದ್ದೆ?"

ಒಳಗೆ ಕುಳಿತುಕೊಳ್ಳಿ ಎಂದು ಜಾಗ ಬಿಟ್ಟೆ. "ಬೇಡಮ್ಮ, ಹಿಂಗೇ ನಿಂತ್ಕೋತೀನಿ" ಎಂದು ಅವರು ಎರಡು ಹೆಜ್ಜೆ ಹಿಂದೆ ಸರಿದರು. ಅಷ್ಟು ರಶ್ಶಿನಲ್ಲೂ ಆ ಸೀಟಿಗೆ ಯಾರೂ ಬರಲಿಲ್ಲ.

ನಮ್ಮ ಸ್ಟಾಪಿನಲ್ಲಿ ಇಳಿದೆ. ಕಂಡಕ್ಟರ್ ತಕ್ಷಣ ರೈಟ್ ಹೇಳಲಿಲ್ಲ. ಮೆಟ್ಟಿಲನ್ನೇ ನೋಡುತ್ತಾ, ಇನ್ನೊಬ್ಬರು ಇಳಿಯುವಷ್ಟು ಹೊತ್ತು ಕಾದ. ಆಮೇಲೆ ಹೇಳಿದ.

ಮನೆಯವರೆಗೆ ಇನ್ನೂರ ಹತ್ತು ಹೆಜ್ಜೆ. ಲವಂಗದ ವಾಸನೆ ಎಡಪಕ್ಕದಲ್ಲೇ ಬರುತ್ತಿತ್ತು. ಓಡಬೇಕೆನಿಸಿತು. ಓಡಿದರೆ ಮತ್ತೊಮ್ಮೆ ಅವಳನ್ನು ಒಬ್ಬಳೇ ಬಿಟ್ಟು ಹೋದಂತಾಗುತ್ತದಲ್ಲ? ನಿಧಾನವಾಗಿಯೇ ನಡೆದೆ.

ಗೇಟಿನ ಹತ್ತಿರ ನಿಂತು, "ನೀಮಾ, ಅವತ್ತು ನಾನು ಬರ್ಬೇಕಿತ್ತು ಕಣೇ" ಎಂದೆ.

ವಾಸನೆ ನನ್ನನ್ನು ದಾಟಿ, ಮಹಡಿಯ ಮೆಟ್ಟಿಲ ಕಡೆ ಹೋಯಿತು. ಮೇಲೆ ಅವಳ ರೂಮಿಗೆ ನಾವು ಹಾಕಿದ್ದ ಬೀಗ ಹಾಗೇ ಇತ್ತು.

ಅವಳು ಕ್ಷಮಿಸಿದಳೋ, ದೂರು ಹೇಳಲು ಬಂದಿದ್ದಳೋ ನನಗೆ ಗೊತ್ತಿಲ್ಲ.

ಬಸ್ ಟಿಕೆಟ್ಟಿನ ಅಕ್ಷರ ಬಹಳ ದಿನ ಉಳಿಯುವುದಿಲ್ಲ. ಅರವತ್ತಮೂರು ಜೊತೆ ಟಿಕೆಟ್ಟುಗಳೂ ಈಗ ಬಿಳಿ ಚೀಟಿಗಳು. ಆ ಮಂಗಳವಾರದ ನನ್ನ ಟಿಕೆಟ್ಟೂ ಅಳಿಸಿಹೋಗಿದೆ. ಅದೇ ಮೆಷಿನ್ನಿನಿಂದ, ಅದೇ ನಿಮಿಷದಲ್ಲಿ ಬಂದ ಇನ್ನೊಂದು ಮಾತ್ರ ಇನ್ನೂ ಕಪ್ಪಗಿದೆ. ಇವತ್ತು ಬೆಳಿಗ್ಗೆಯೂ ನೋಡಿದೆ.

ಡೈರಿಯ ಆ ಪುಟದಲ್ಲಿ ‘ಒಟ್ಟು’ ಎಂದು ಬರೆದು ಮುಂದೆ ಜಾಗ ಬಿಟ್ಟಿದ್ದೇನೆ. ಅರವತ್ತಮೂರೋ, ಅರವತ್ತನಾಲ್ಕೋ... ಬರೆಯಲು ಕೈ ಏಳುತ್ತಿಲ್ಲ.