ನೆರಿಗೆಯ ಎರಡು ಮಗ್ಗುಲು

ಹೊಳಲ್ಕೆರೆಯ ಒಂದು ಮದುವೆಗೆ ಬಟ್ಟೆಯ ಮಡಚೋ ಬೀಸಣಿಗೆ ಮಾಡಿಕೊಡಲು ಒಪ್ಪಿಕೊಂಡಿದ್ದೆ. ಛತ್ರದಲ್ಲಿ ಕರೆಂಟು ಹೋದರೆ ಬಂದವರು ಬೀಸಿಕೊಳ್ಳಲಿ ಅಂತ ಹೆಣ್ಣಿನ ಸೋದರಮಾವನ ಆಸೆ. ಬಟ್ಟೆ ಮೇಲೆ ಎರಡೂ ಮನೆಯ ಹಿರಿಯರ ಹೆಸರು ಅಚ್ಚಾಗಬೇಕಿತ್ತು. ಯಾರು ಮೊದಲು ಅನ್ನೋ ಜಗಳವೇ ಬೇಡವೆಂದು, ಪ್ರತಿ ನೆರಿಗೆಯ ಒಂದು ಮಗ್ಗುಲಿಗೆ ಹೆಣ್ಣಿನವರ ಹೆಸರು, ಇನ್ನೊಂದು ಮಗ್ಗುಲಿಗೆ ಗಂಡಿನವರ ಹೆಸರು ಹಾಕಿಸಿದೆ. ಹದಿನೈದು ದಿನ ಮಡಚಿ, ಕಡ್ಡಿಗೆ ಅಂಟಿಸಿ, ಬೆರಳ ತುದಿಯೆಲ್ಲ ಗೋಂದಿನಿಂದ ಬಿರುಸಾಗಿತ್ತು.

ಮದುವೆಯ ಹಿಂದಿನ ದಿನ ಸೋದರಮಾವ ಬಂದು ಒಂದನ್ನು ಬಿಚ್ಚಿ ನೋಡಿದರು.

"ಏನ್ರಿ ಇದು, ಬರೀ ಗಂಡಿನೋರೇ ಅವ್ರಲ್ಲ. ನಮ್ಮೋರೆಲ್ಲಿ?"

"ಈ ಕಡೆಯಿಂದ ನೋಡ್ರಿ," ಅಂದೆ. ನೆರಿಗೆಯ ಒಂದು ಮಗ್ಗುಲು ಎಡಕ್ಕೆ, ಇನ್ನೊಂದು ಬಲಕ್ಕೆ ವಾಲುತ್ತೆ, ಒಂದು ಕಡೆಯಿಂದ ನೋಡಿದರೆ ಒಂದೇ ಮನೆಯವರ ಹೆಸರು ಕಾಣುತ್ತೆ ಅನ್ನೋದು ನನಗೂ ಆಗಷ್ಟೇ ಹೊಳೆದಿದ್ದು. ಮತ್ತೆ ಮಾಡೋ ತ್ರಾಣ ನನ್ನಲ್ಲಿ ಇರಲಿಲ್ಲ.

ಅವರು ಬೀಸಣಿಗೆಯನ್ನು ಅತ್ತ ಇತ್ತ ವಾಲಿಸಿ ಬಹಳ ಹೊತ್ತು ನೋಡಿದರು.

"ಇರ್ಲಿ ಬಿಡ್ರಿ. ಅವರಿಗೆ ಹಿಂಗೆ ಹಿಡಿದು ಕೊಡ್ತೀನಿ, ನಮ್ಮೋರಿಗೆ ಹಂಗೆ."

ಹಾಗೇ ಕೊಟ್ಟರಂತೆ. ಇನ್ನೊಂದು ಮನೆಯವರ ಹೆಸರೆಲ್ಲಿ ಅಂತ ಎರಡು ಕಡೆಯಲ್ಲೂ ಯಾರೊಬ್ಬರೂ ಕೇಳಲಿಲ್ಲವಂತೆ.