ಸಕ್ಕರೆ ಮೇಡಂ
ನಮ್ಮ ಪ್ರಯೋಗಾಲಯದ ಸಕ್ಕರೆ ಮೇಡಂ ಟೀಗೆ ಸಕ್ಕರೆ ಮುಟ್ಟಿಸುವುದಿಲ್ಲ. ಅವರ ಸಕ್ಕರೆಯೆಲ್ಲ ಗಾಜಿನ ತಟ್ಟೆಯಲ್ಲಿರುವ ಬಿಳಿ ರಕ್ತಕಣಗಳಿಗೆ ಮೀಸಲು. ಮೈ ಕಾಯಬೇಕಾದ ಈ ಕಣಗಳು ತಲೆಕೆಟ್ಟು ಸ್ವಂತ ಮೈಯ ಮೇಲೇ ಏರಿಹೋದರೆ ಉರಿಯೂತ; ಸಕ್ಕರೆಯಿಂದ ಕಟ್ಟಿದ ಅಣುವೊಂದು ಅವುಗಳನ್ನು ತಣ್ಣಗಾಗಿಸಬಲ್ಲದು ಎಂಬುದು ಅವರ ಹದಿನೆಂಟು ವರ್ಷದ ಹಟ. "ಅದೂ ಸಿಹಿನೇನವ್ವಾ?" ಎಂದು ಗಾಜು ತೊಳೆಯುವ ನಾನು ಕೇಳಿದರೆ, "ನಾಲಿಗೆಗಲ್ಲ ತಾತ, ಕಣಕ್ಕೆ. ರಚ್ಚೆ ಹಿಡಿದ ಮಗೂಗೆ ಬಾರಿಸಿದ್ರೆ ಸುಮ್ನಾಗುತ್ತಾ? ಬೆನ್ನು ಸವರ್ಬೇಕು" ಎನ್ನುತ್ತಾರೆ. ಪಕ್ಕದ ಕೋಣೆಯಲ್ಲಿ ಯಾರಾದರೂ ಸೀನಿದರೆ ಸಾಕು, ತಟ್ಟೆಗಳನ್ನು ಬಾಚಿ ಎದೆಗವಚಿಕೊಳ್ಳುತ್ತಾರೆ. ತಟ್ಟೆಗಳ ಮೇಲೆ ರೋಗಿಯ ಹೆಸರಿಲ್ಲ, ಬರೀ ನಂಬರು; ಯಾರ ರಕ್ತವೆಂದು ಗೊತ್ತಾದರೆ ಕಣ್ಣು ತನಗೆ ಬೇಕಾದದ್ದನ್ನೇ ಕಾಣುತ್ತದಂತೆ. ರಕ್ತ ಕೊಡುವವರಲ್ಲಿ ಅವರ ಸ್ವಂತ ಅಕ್ಕನೂ ಒಬ್ಬರು. ಇದೇ ಉರಿಯೂತಕ್ಕೆ ಊದಿದ ಬೆರಳಿನಿಂದ ಆ ಅಕ್ಕನಿಗೆ ತನ್ನ ಸ್ವೆಟರಿನ ಗುಂಡಿಯನ್ನೂ ಹಾಕಿಕೊಳ್ಳಲಾಗದು. ಮೊನ್ನೆ ಹನ್ನೆರಡು ತಟ್ಟೆಗಳಲ್ಲಿ ಹನ್ನೊಂದು ತಣ್ಣಗಾದವು, ಇಡೀ ಮಹಡಿ ಕುಣಿಯಿತು. ಆಮೇಲೆ ನಂಬರಿನ ಪಟ್ಟಿ ತೆಗೆದು ನೋಡಿದರೆ, ಮಣಿಯದೆ ಉಳಿದ ಆ ಒಂದು ತಟ್ಟೆ ಅಕ್ಕನದು. ಮೇಡಂ ಹನ್ನೊಂದನ್ನೂ ಆ ಒಂದನ್ನೂ ಪುಸ್ತಕದಲ್ಲಿ ಒಂದೇ ಗಾತ್ರದ ಅಕ್ಷರದಲ್ಲಿ ಬರೆದರು, ಮುಖ ತೊಳೆದು ಬಂದರು, ಬೆಂಚಿನ ಮೇಲೆ ಕಾಯುತ್ತಿದ್ದ ಅಕ್ಕನಿಗೆ ಮುಚ್ಚುಮರೆಯಿಲ್ಲದೆ ಹೇಳಿದರು: "ನಿಂದು ಮಣೀಲಿಲ್ಲ ಕಣೇ ಅಕ್ಕ. ಯಾಕಂತ ನೋಡೇಬಿಡ್ತೀನಿ, ಇನ್ನೊಂಚೂರು ರಕ್ತ ಕೊಡು." ಅಕ್ಕ ತೋಳು ಚಾಚಿದರು: "ನಿನ್ನ ಬೆಳೆಸಿದ ರಕ್ತ ಅದು, ಅಷ್ಟು ಸಲೀಸಾಗಿ ಮಣಿಯುತ್ತೇನೇ? ತಗೋ."