ಮಾತುಕತೆ ಮುರಿದುಬಿದ್ದ ಅಂಗಿ

ಸುದ್ದಿ ಮಾಸ್ತರು ಅಂದರೆ ಪತ್ರಿಕೆಯವರೇನಲ್ಲ, ದರ್ಜಿ. ಅಂಗಿ ಹೊಲಿಸಲು ಬಂದ ಪ್ರತಿಯೊಬ್ಬರ ಅಳತೆಯನ್ನೂ ಅವರು ಮೊದಲು ಹಳೆಯ ಪೇಪರಿನಲ್ಲಿ ಕತ್ತರಿಸಿ, ಗೋಡೆಯ ಮೊಳೆಗೆ ಸಿಕ್ಕಿಸಿಡುತ್ತಿದ್ದರು. ಮುಂದಿನ ಸಲ ಅದನ್ನೇ ಬಟ್ಟೆಯ ಮೇಲಿಟ್ಟು ಗೆರೆ ಎಳೆದರಾಯಿತು. ಬೆನ್ನಿನ ಭಾಗ ಅಗಲವಾದ್ದರಿಂದ ಅದಕ್ಕೆ ಇಡೀ ಮೊದಲ ಪುಟವೇ ಬೇಕು. ಹೀಗಾಗಿ ಆ ಬೀದಿಯ ಅರ್ಧ ಗಂಡಸರ ಬೆನ್ನಿಗೆ ಯಾವ ಕಾಲದ್ದೋ ಒಂದು ದಪ್ಪಕ್ಷರದ ತಲೆಬರಹ ಅಂಟಿಕೊಂಡಿತ್ತು.

ಅಷ್ಟಕ್ಕೇ ಬಿಟ್ಟಿದ್ದರೆ ಮಾಸ್ತರಿಗೆ ಆ ಹೆಸರು ಯಾಕೆ ಬರುತ್ತಿತ್ತು? ಅವರ ನಾಲಿಗೆ ಕತ್ತರಿಗಿಂತ ಚುರುಕು. ಬ್ಯಾಂಕಿನ ಗುಮಾಸ್ತರ ಬೆನ್ನಿಗೆ ‘ನದಿ ಅಪಾಯದ ಮಟ್ಟ ಮೀರಿದೆ’ ಎಂದು ಬಂದಿತ್ತು. “ಊಟಕ್ಕೆ ಕೂತಾಗ ಕೆಳಗಿನ ಎರಡು ಗುಂಡಿ ಬಿಚ್ಚಿಟ್ಕೊಳ್ಳಿ ಸಾರ್, ತಗ್ಗು ಪ್ರದೇಶದ ಜನಕ್ಕೆ ತೊಂದರೆ ಆಗಬಾರದು” ಅಂದರು ಮಾಸ್ತರು. ಹೆಡ್‌ಮಾಸ್ಟರರ ಕೋಟಿಗೆ ‘ವಿರೋಧ ಪಕ್ಷಗಳ ಸಭಾತ್ಯಾಗ’ ಬಿದ್ದಿತ್ತು. ಅದನ್ನು ತೊಟ್ಟು ಪಾಠಕ್ಕೆ ನಿಂತರೆ ಹಿಂದಿನ ಬೆಂಚಿನವರು ಒಬ್ಬೊಬ್ಬರಾಗಿ ಕಿಟಕಿ ಹಾರುತ್ತಾರೆಂದು ಅಂಗಡಿಯಲ್ಲಿ ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಸ್ವಂತ ಹೆಂಡತಿಯನ್ನೂ ಬಿಟ್ಟವರಲ್ಲ. ಆಕೆಯ ರವಿಕೆಯ ಕಾಗದದಲ್ಲಿ ‘ಉಪ್ಪಿಗೆ ಕೊರತೆಯಿಲ್ಲ: ಸಚಿವರ ಭರವಸೆ’ ಎಂದಿತ್ತು, ಅಂದಿನಿಂದ ಊಟಕ್ಕೆ ಕೂತಾಗಲೆಲ್ಲ ಬೇಕೆಂದೇ ದೊಡ್ಡ ಚೊಂಬಿನ ನೀರು ಪಕ್ಕದಲ್ಲಿಟ್ಟುಕೊಳ್ಳುತ್ತಿದ್ದರು.

“ಮಾತು ಮನೆ ಕೆಡಿಸ್ತು, ತೂತು ಓಲೆ ಕೆಡಿಸ್ತು ಅಂತ ಸುಮ್ನೆ ಹೇಳ್ತಾರಾ?” ಅನ್ನುತ್ತಿದ್ದಳು ಆಕೆ. “ಊರಿಗೆಲ್ಲ ಗುಂಡಿ ಹೊಲೀತೀರಿ, ನಿಮ್ಮ ಬಾಯಿಗೊಂದು ಹೊಲ್ಕೊಳ್ಳಿ.”

ಮಾಸ್ತರು ಕಿವಿಗೆ ಹಾಕಿಕೊಳ್ಳಲಿಲ್ಲ. ನಗುವವರು ಇರುವಾಗ ನಗಿಸುವವನಿಗೆ ಬುದ್ಧಿ ಎಲ್ಲಿಂದ ಬಂದೀತು?

ಅಂಗಡಿಯ ಬಲಕ್ಕೆ ಒಂದು ಬೇಕರಿ, ಎಡಕ್ಕೆ ಸೈಕಲ್ ಶಾಪು. ಬೇಕರಿಯವನು ತಮ್ಮ, ಸೈಕಲ್ ಶಾಪಿನವನು ಅಣ್ಣ. ಇಬ್ಬರಿಗೂ ಮಾತು ಬಿಟ್ಟುಹೋಗಿತ್ತು. ಆಗಿದ್ದಿಷ್ಟೇ. ಒಂದು ದಿನ ಗಿರಾಕಿಗಳ ಎದುರಿಗೆ ಅಣ್ಣ, “ನಿನ್ನ ಬ್ರೆಡ್ಡು ಟೈರಿಗೆ ಪ್ಯಾಚ್ ಹಾಕೋಕೆ ಚೆನ್ನಾಗಿದೆ” ಅಂದಿದ್ದ. “ಕೈತುಂಬ ಗ್ರೀಸು ಮೆತ್ಕೊಂಡೋನಿಗೆ ರುಚಿ ಏನು ಗೊತ್ತು” ಅಂದಿದ್ದ ತಮ್ಮ. ಹತ್ತಿದ್ದು ಕಿಡಿ ಮಾತ್ರ, ಊದಲು ಜನಕ್ಕೇನು ಬರವೇ? ಆಮೇಲೆ ಇಬ್ಬರೂ ಅಂಗಿ ಹೊಲಿಸಲು ಮಾಸ್ತರ ಹತ್ತಿರವೇ ಬರುತ್ತಿದ್ದರು, ಆದರೆ ಒಬ್ಬ ಇರುವಾಗ ಇನ್ನೊಬ್ಬ ಮೆಟ್ಟಿಲು ಹತ್ತುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಬೇಕರಿಯವನು ಬಿಳಿ ಬಟ್ಟೆ ತಂದು, “ಇದನ್ನ ಹಾಕ್ಕೊಂಡು ಅಣ್ಣನ ಮನೆಗೆ ಹೋಗಿ ರಾಜಿ ಮಾಡ್ಕೊಂಡು ಬರ್ತೀನಿ ಮಾಸ್ತರೇ” ಅಂದಿದ್ದ. ಅವನ ಬೆನ್ನಿಗೆ ಬಂದಿದ್ದ ತಲೆಬರಹ ‘ಶಾಂತಿ ಮಾತುಕತೆ ಮುರಿದುಬಿತ್ತು’. ಮಾಸ್ತರು ಬಿಡುತ್ತಾರೆಯೇ? “ಈ ಅಂಗೀಲಿ ಹೋದ್ರೆ ಹೊಸ್ತಿಲಲ್ಲೇ ಮಾತುಕತೆ ಮುರಿಯುತ್ತೆ, ಒಳಗೆ ಹೋದ್ರೆ ಕಾಫಿ ಲೋಟ ಮುರಿಯುತ್ತೆ, ಆಮೇಲೆ ಎರಡೂ ಕಡೆ ಗಡೀಲಿ ಸೈನ್ಯ ನಿಲ್ಲುತ್ತೆ ಕಣಯ್ಯಾ” ಅಂದಿದ್ದರು. ಎಲ್ಲರೂ ನಕ್ಕಿದ್ದರು. ಬೇಕರಿಯವನೂ ನಕ್ಕಿದ್ದ.

ಮೊನ್ನೆ ಬೆಳಿಗ್ಗೆ ಅದೇ ಬೇಕರಿಯವನು ಮೈದಾಹಿಟ್ಟಿನ ಕೈ ತೊಳೆಯದೆ ಬಂದು ನಿಂತ.

“ಮಾಸ್ತರೇ, ಈಗಿಂದೀಗ್ಲೇ ಒಂದು ಅಂಗಿ ಆಗ್ಬೇಕು. ಒಳ್ಳೇ ಹೆಡ್‌ಲೈನ್ ಇರೋ ಕಾಗದದಲ್ಲಿ ಹೊಸದಾಗಿ ಅಳತೆ ಕತ್ತರಿಸಿ.”

“ಯಾಕೋ, ಏನು ಅವಸರ?”

“ಅಣ್ಣ ಆಸ್ಪತ್ರೇಲಿದಾನೆ. ನೋಡೋರಿದ್ರೆ ಬಂದು ನೋಡ್ಕೊಂಡು ಹೋಗ್ಲಿ ಅಂದ್ರಂತೆ ಡಾಕ್ಟ್ರು. ಆ ಬಿಳೀ ಅಂಗೀಲಿ ಹೆಂಗೆ ಹೋಗ್ಲಿ? ನೀವೇ ಹೇಳಿದ್ರಲ್ಲ, ಮುರಿಯುತ್ತೆ ಅಂತ. ಅದಕ್ಕೇ ಇಷ್ಟು ದಿನ ಹೋಗ್ಲಿಲ್ಲ.”

ಇವನು ತಮಾಷೆ ಮಾಡುತ್ತಿದ್ದಾನೆಯೇ ಎಂದು ಮಾಸ್ತರು ಮುಖ ನೋಡಿದರು. ಇಲ್ಲ, ಅವನ ತುಟಿ ಅದುರುತ್ತಿತ್ತು. ತಾನು ಬಾಯಿ ಚಪಲಕ್ಕೆ ಆಡಿದ ಒಂದು ಮಾತು ಒಡಹುಟ್ಟಿದವರ ನಡುವೆ ಎರಡು ವರ್ಷ ಬಾಗಿಲು ಹಾಕಿ ನಿಂತಿತ್ತೇ?

ಏನೂ ತೋಚದೆ ಪೇಪರಿನ ಕಟ್ಟು ಬಿಚ್ಚಿ ನೆಲದ ಮೇಲೆ ಹರಡಿದರು. ಒಂದು ಒಳ್ಳೆಯ ಸುದ್ದಿ, ಒಂದೇ ಒಂದು ಸಾಕು. ‘ಸೇತುವೆ ಕುಸಿತ’, ಬೇಡ. ‘ಹಳಿ ತಪ್ಪಿದ ರೈಲು’, ಬೇಡವೇ ಬೇಡ. ‘ಮೃಗಾಲಯದಿಂದ ಹುಲಿ ಪರಾರಿ’ ಎಂಬುದನ್ನು ಕಂಡ ಕೂಡಲೇ ಬೇಕರಿಯವನು ವಾರ್ಡಿನಲ್ಲಿ ಮಂಚದಿಂದ ಮಂಚಕ್ಕೆ ಜಿಗಿಯುವುದೂ ನರ್ಸುಗಳು ಮೇಜು ಹತ್ತುವುದೂ ಕಣ್ಣಿಗೆ ಕಟ್ಟಿ, ಇಂಥ ಹೊತ್ತಲ್ಲೂ ಹೀಗೆ ಹೊಳೆಯುತ್ತದಲ್ಲ ಎಂದು ತಮ್ಮ ತಲೆಯ ಮೇಲೆ ತಮಗೇ ಅಸಹ್ಯವಾಯಿತು. ‘ಒಪ್ಪಂದಕ್ಕೆ ಸಹಿ’ ಸಿಕ್ಕಾಗ ಜೀವ ಬಂದಂತಾಯಿತು. ಕೆಳಗೆ ಸಣ್ಣಕ್ಷರದಲ್ಲಿ ‘ಸಂಜೆಯೇ ರದ್ದು’ ಎಂದಿತ್ತು. ಇಷ್ಟು ವರ್ಷ ಇಂಥವನ್ನೇ ಜನರ ಬೆನ್ನಿಗೆ ಹೊದಿಸಿ ನಕ್ಕೆನಲ್ಲ ಎಂದು ದಂಗುಬಡಿದು ಕಾಗದಗಳ ನಡುವೆ ಕೂತುಬಿಟ್ಟರು.

“ಅದೆಲ್ಲ ಸುಳ್ಳು ಕಣೋ,” ಅಂದರು ಕೊನೆಗೆ. “ಬಾಯಿಗೆ ಬಂದಿದ್ದು ಹೇಳ್ತಿದ್ದೆ. ಕಾಗದಕ್ಕೂ ನಿನ್ನ ಹಣೆಬರಹಕ್ಕೂ ಏನು ಸಂಬಂಧ? ತಪ್ಪಾಯ್ತು.”

ಬೇಕರಿಯವನು ತಲೆ ತಗ್ಗಿಸಿದ. “ಗೊತ್ತು ಮಾಸ್ತರೇ. ಅವತ್ತೇ ಗೊತ್ತಿತ್ತು. ನಾನೇ ಮೊದಲು ಹೋಗಬಾರದು ಅಂತ ಒಂದು ನೆಪ ಬೇಕಿತ್ತು, ನೀವು ಹೊಲಿದು ಕೊಟ್ರಿ. ಈಗ ಹೋಗೋಕೆ ಹೆದರಿಕೆ ಆಗ್ತಿದೆ. ಅದಕ್ಕೂ ಒಂದು ಹೊಲಿದು ಕೊಡ್ತೀರೇನೋ ಅಂತ ಬಂದೆ.”

ಸುಳ್ಳು ನಂಬಿ ಕೆಟ್ಟವನನ್ನು ಮಾಸ್ತರು ಕಂಡಿದ್ದರು. ಸುಳ್ಳೆಂದು ಗೊತ್ತಿದ್ದೂ ಅದರೊಳಗೆ ಬೆಚ್ಚಗೆ ಇದ್ದವನನ್ನು ಕಂಡಿರಲಿಲ್ಲ. ಸಿಟ್ಟೂ ಬಂತು, ಅಳುವೂ ಬಂತು. ಹಾಡುಹಗಲೇ ಅಂಗಡಿಯ ಬಾಗಿಲೆಳೆದು, ಅವನ ಹಿಟ್ಟಿನ ಕೈಯನ್ನೇ ಹಿಡಿದು, ಎರಡು ಬೀದಿ ಆಚೆಯ ಆಸ್ಪತ್ರೆಗೆ ನಡೆಸಿಕೊಂಡು ಹೋದರು.

ಕಿಟಕಿಯ ಪಕ್ಕದ ಮಂಚದಲ್ಲಿ ಅಣ್ಣ ಮಲಗಿದ್ದ. ಮೂಗಿಗೆ ಕೊಳವೆ ಹಾಕಿದ್ದರು. ಅತ್ತಿಗೆ ಎದ್ದು ಮೈದುನನಿಗೆ ಸ್ಟೂಲು ಬಿಟ್ಟುಕೊಟ್ಟಳು.

“ಬಂದ್ಯಾ?” ಅಂದ ಅಣ್ಣ.

“ಬಂದೆ ಕಣೋ.”

ಅಣ್ಣನ ಕಣ್ಣು ತಮ್ಮನನ್ನು ದಾಟಿ ಮಾಸ್ತರ ಮೇಲೆ ನಿಂತಿತು. “ಸರಿಯಾಗೇ ಹೇಳಿದ್ರಿ ಮಾಸ್ತರೇ. ನನ್ನ ಬೆನ್ನಿಗೆ ‘ಕಾದು ನೋಡುವ ನೀತಿ’ ಅಂತ ಬಂದಿತ್ತಲ್ಲ. ನೀವಾಗೇ ಹೋಗ್ಬೇಡಿ, ಕಾದು ನೋಡಿ, ತಮ್ಮ ತಾನಾಗೇ ಬರ್ತಾನೆ ಅಂದ್ರಿ. ಕಾದೆ.”

ಆ ಮಾತು ಮಾಸ್ತರಿಗೆ ನೆನಪೇ ಇರಲಿಲ್ಲ. ಯಾವತ್ತು ಹೇಳಿದ್ದು, ಯಾರು ನಕ್ಕಿದ್ದರು, ಒಂದೂ ನೆನಪಾಗಲಿಲ್ಲ. ಇನ್ನು ಎಷ್ಟು ಮನೆಗಳಲ್ಲಿ ಎಷ್ಟು ಜನ ಹೀಗೆ ಕಾಯುತ್ತಿದ್ದಾರೋ ಎಂದುಕೊಂಡು ಮಂಚದ ಕಂಬಿ ಹಿಡಿದುಕೊಂಡರು.

“ಮನೆಗೆ ಹೋದ್ಮೇಲೆ ನಮ್ಮಿಬ್ಬರಿಗೂ ಒಂದೇ ಬಟ್ಟೇಲಿ ಅಂಗಿ ಹೊಲೀರಿ,” ಅಂದ ಅಣ್ಣ. “ಬಂದಿದೀರಲ್ಲ, ಅಳತೆ ತಗೊಂಡೇ ಹೋಗಿ.”

ತಮ್ಮ ಅವನ ಬೆನ್ನಿಗೆ ಕೈ ಕೊಟ್ಟು ಎತ್ತಿ ಕೂರಿಸಿದ. ಮಾಸ್ತರು ಕೊರಳಲ್ಲಿದ್ದ ಟೇಪು ತೆಗೆದು ಎದೆಯ ಸುತ್ತ ಹಾಕಿದರು. ಬೆರಳಿಗೆ ಪಕ್ಕೆಲುಬು ಒಂದೊಂದಾಗಿ ಸಿಕ್ಕಿತು. ಟೇಪು ಬಿಗಿಯಾಗುವುದೇ ಇಲ್ಲವೇನೋ ಎಂಬಂತೆ ಎಳೆದಷ್ಟೂ ಬಂತು. ಅಣ್ಣ, ತಮ್ಮ, ಅತ್ತಿಗೆ ಮೂವರೂ ಅವರ ಬಾಯನ್ನೇ ನೋಡುತ್ತಿದ್ದರು.

“ಎಷ್ಟು ಬಂತು ಮಾಸ್ತರೇ?” ಅಂದ ಬೇಕರಿಯವನು.

“ಹಳೇ ಅಳತೇನೇ,” ಅಂದರು ಮಾಸ್ತರು. “ಏನೂ ಬದಲಾಗಿಲ್ಲ.” ಮಿಕ್ಕ ಟೇಪನ್ನು ಮಡಿಸಿ ಮುಷ್ಟಿಯೊಳಗೆ ಬಿಗಿಯಾಗಿ ಹಿಡಿದಿದ್ದರು.